ದಾವಣಗೆರೆಯಿಂದ ಅಂಡಮಾನಿಗೆ ಇಬ್ಬರೇ ಒಂದು ವಾರ: ಮೊದ್ಲು ಗೋಡೆ ಕ್ಯಾಲೆಂಡರ್ ಇಳಿಸ್ಕೊಳ್ರಿ

ಅಂಡಮಾನಿಗೆ ಹೋಗಿ ಬಂದ ಮೇಲೆ ಆಫೀಸಲ್ಲಿ, ಓಣಿಲಿ, ಮದುವೆ ಊಟದ ಪಂಕ್ತಿಲೂ ಎಲ್ರೂ ಕೇಳೋದು ಒಂದೇ, ಎಷ್ಟಾಯ್ತು? ದುಡ್ಡಿನ ಲೆಕ್ಕ ಕೊನೆಗೆ ಹೇಳ್ತೀನಿ, ನಮಗೆ ಅಲ್ಲಿ ಕೈಕೊಟ್ಟಿದ್ದು ಮಾತ್ರ ಟೈಮು. ಎರಡು ಸಲ ಹೋಗಿದೀವಿ, ಮದುವೆಯಾದ ಹೊಸದರಲ್ಲಿ ಏಜೆಂಟ್ ಹತ್ರ ಪ್ಯಾಕೇಜ್ ತಗೊಂಡು ಒಂದ್ಸಲ, ಆಮೇಲೆ ನಾವೇ ಕೂತು ಪ್ಲಾನ್ ಮಾಡಿ ಒಂದ್ಸಲ. ಮೊದಲ ಸಲ ಆ ಮಹಾಶಯ ಹ್ಯಾವ್‌ಲಾಕ್ ದ್ವೀಪಕ್ಕೆ ಮಧ್ಯಾಹ್ನ 2 ಗಂಟೆ ಫೆರ್ರಿ (ದ್ವೀಪಗಳ ನಡುವೆ ಓಡಾಡೋ ಹಡಗು) ಬುಕ್ ಮಾಡಿದ್ದ, ಇಳಿದು ಲಗೇಜ್ ತಗೊಂಡು ರೂಮಿಗೆ ಹೋಗಿ ಮುಖ ತೊಳ್ಕೊಂಡು ಆಟೋ ಹಿಡಿದು ರಾಧಾನಗರ ಬೀಚ್ ಮುಟ್ಟೋ ಹೊತ್ತಿಗೆ ಕತ್ತಲು, ಗಾರ್ಡು ಸೀಟಿ ಊದ್ತಾ ಎಲ್ರನ್ನೂ ಆಚೆ ಕಳಿಸ್ತಿದ್ದ. ಟೈಮ್ ನೋಡಿದ್ರೆ ಇನ್ನೂ ಐದೂಮುಕ್ಕಾಲು! ನಮ್ಮ ದಾವಣಗೆರೆಲಿ ಆ ಹೊತ್ತಿಗೆ ಮಂಡಕ್ಕಿ ಅಂಗಡಿಲಿ ಮಿರ್ಚಿ ಇನ್ನೂ ಎಣ್ಣೆಗೆ ಬಿದ್ದಿರಲ್ಲ.

ಯಾಕೆ ಹಿಂಗೆ ಅಂದ್ರೆ, ದೇಶಕ್ಕೆಲ್ಲ ಒಂದೇ ಗಡಿಯಾರ, ಅದನ್ನ 82.5 ಡಿಗ್ರಿ ರೇಖಾಂಶಕ್ಕೆ ಹೊಂದಿಸಿದಾರೆ. ದಾವಣಗೆರೆ ಇರೋದು ಹತ್ತತ್ರ 76 ಡಿಗ್ರಿಲಿ, ಪೋರ್ಟ್ ಬ್ಲೇರ್ 92.7ರಲ್ಲಿ. ಒಂದು ಡಿಗ್ರಿಗೆ 4 ನಿಮಿಷ ಅಂತ ಸ್ಕೂಲಲ್ಲಿ ಓದಿದ್ದು ನೆನಪು ಮಾಡ್ಕೊಂಡ್ರೆ, ನಮಗಿಂತ ಒಂದು ಗಂಟೆ ಮೇಲೇ ಮುಂಚೆ ಅಲ್ಲಿ ಬೆಳಗಾಗಿ ಮುಂಚೆ ಕತ್ತಲಾಗುತ್ತೆ. ಡಿಸೆಂಬರ್ ಜನವರಿಲಿ ಐದು, ಐದೂಕಾಲಕ್ಕೆ ಸೂರ್ಯ ಮುಳುಗಿಬಿಡ್ತಾನೆ. ಹಂಗಾಗಿ ನಾನು ಹೇಳೋದು, ಹೋಟೆಲ್ ಫೋಟೋ ನೋಡೋಕೆ ಮುಂಚೆ ಸೂರ್ಯ, ಚಂದ್ರ, ಫೆರ್ರಿ ಈ ಮೂರರ ಟೈಮ್ ನೋಡ್ರಿ. ಉಳಿದಿದ್ದೆಲ್ಲ ಅದರ ಸುತ್ತ ಕೂರಿಸಿದ್ರಾಯ್ತು.

ಅಂಡಮಾನೇ ಯಾಕೆ ಅಂತ ಕೇಳೋರಿಗೆ ಚಿಕ್ಕದಾಗಿ ಹೇಳಿಬಿಡ್ತೀನಿ. ಮಾಲ್ಡೀವ್ಸಿಗೆ ಪಾಸ್‌ಪೋರ್ಟ್ ಬೇಕು, ವೀಸಾ ಅಲ್ಲೇ ಇಳಿದ ಮೇಲೆ ಫ್ರೀಯಾಗಿ ಕೊಡ್ತಾರೆ, ಆದ್ರೆ ಒಂದು ರೆಸಾರ್ಟ್ ಅಂದ್ರೆ ಒಂದು ದ್ವೀಪ, ಎರಡು ದಿನಕ್ಕೆ ನಮ್ಮಂಥೋರಿಗೆ ಬೋರ್ ಹೊಡೆಯುತ್ತೆ. ಲಕ್ಷದ್ವೀಪ ಚೆಂದ, ಆದ್ರೆ ಮೊದ್ಲೇ ಪರ್ಮಿಟ್ ಮಾಡಿಸ್ಬೇಕು, ಸಾಮಾನ್ಯವಾಗಿ ಕೊಚ್ಚಿ ಮೇಲೆ ಹೋಗ್ಬೇಕು. ಅಂಡಮಾನಿಗೆ ಬೆಂಗಳೂರಿಂದ ಡೈರೆಕ್ಟ್ ಫ್ಲೈಟು, ಎರಡೂವರೆ ಮೂರು ಗಂಟೆ, ಆಧಾರ್ ಇದ್ರೆ ಸಾಕು. ನಾವೆಲ್ಲ ಹೋಗೋ ದ್ವೀಪಗಳಿಗೆ ಭಾರತೀಯರಿಗೆ ಪರ್ಮಿಟ್ ಬೇಡ, ನಿಕೋಬಾರ್ ಕಡೆಗೆ ಮಾತ್ರ ಬೇರೆ ಪಾಸ್.

ಮೊದಲನೇ ಕೆಲಸ, ತಿಂಗಳು

ಜನವರಿಯಿಂದ ಮಾರ್ಚ್ ಕೊನೆವರೆಗೆ ಸಮುದ್ರ ಶಾಂತ, ನೀರು ತಿಳಿ. ಮೇ ಮಧ್ಯದಿಂದ ಮಳೆ ಶುರುವಾದ್ರೆ ಸೆಪ್ಟೆಂಬರ್ ತನಕ ಬಿಡಲ್ಲ, ಗಾಳಿ ಜಾಸ್ತಿಯಾದ್ರೆ ಫೆರ್ರಿ ಕ್ಯಾನ್ಸಲ್, ಆಮೇಲೆ ದ್ವೀಪದಲ್ಲಿ ಸಿಕ್ಕಾಕೊಂಡು ಕೂತ್ಕೋಬೇಕು. ಹೊಸದಾಗಿ ಮದುವೆಯಾದೋರಿಗೆ ಆಷಾಢದಲ್ಲಿ ಹೆಂಗೂ ತವರು, ಸಮುದ್ರನೂ ಅದೇ ಹೊತ್ತಿಗೆ ಒರಟು, ಎರಡೂ ಸರಿಹೋಯ್ತು. ಕ್ರಿಸ್‌ಮಸ್‌ನಿಂದ ಹೊಸ ವರ್ಷದ ವಾರ ಮಾತ್ರ ಬೇಡ, ರೇಟು ಕೇಳಿದ್ರೆ ತಲೆ ತಿರುಗುತ್ತೆ.

ನಮ್ಮ ಕಡೆಯೋರಿಗೆ ಇನ್ನೊಂದು ಲೆಕ್ಕ ಐತೆ. ನಮ್ಮ ಮನೆಯವ್ರು ಚನ್ನಗಿರಿ ಕಡೆ ಅಡಿಕೆ ತೋಟದೋರು, ಕೊಯ್ಲು, ಬೇಯ್ಸೋದು, ಒಣಗ್ಸೋದು ಮುಗಿಯೋ ತನಕ ಅವರನ್ನ ಊರು ಬಿಟ್ಟು ಹೊರಡಿಸೋಕೆ ಆ ದೇವರಿಗೂ ಆಗಲ್ಲ (ಚೇಣಿ, ಅಂದ್ರೆ ಫಸಲು ಗುತ್ತಿಗೆಗೆ ಕೊಟ್ಟಿದ್ರೆ ಆರಾಮ, ನಮ್ಮ ಮಾವ ಕೊಡಲ್ಲ). ಮೆಕ್ಕೆಜೋಳದೋರಿಗೆ ಅಕ್ಟೋಬರ್ ನವೆಂಬರ್ ಹೋಯ್ತು. ಹಂಗಾಗಿ ಎಲ್ರಿಗೂ ಫೆಬ್ರವರಿನೇ ಉಳಿಯೋದು. ದುಗ್ಗಮ್ಮನ ಜಾತ್ರೆ ವರ್ಷ ಆಗಿದ್ರೆ ಜಾತ್ರೆ ಡೇಟ್ ನೋಡ್ಕೊಂಡು ಟಿಕೆಟ್ ಮಾಡ್ರಿ, ಬೀಗರು ಮನೆ ತುಂಬಿರೋವಾಗ ನೀವು ಬೀಚಲ್ಲಿ ಕೂತಿದ್ರೆ ಮುಂದಿನ ಜಾತ್ರೆ ತನಕ ಮಾತು ಕೇಳ್ಬೇಕು.

ಎರಡನೇ ಕೆಲಸ, ತಿಥಿ

ಇದನ್ನ ಯಾವ ಪ್ಯಾಕೇಜ್‌ನೋರೂ ಹೇಳಲ್ಲ. ತಿಂಗಳು ಫಿಕ್ಸ್ ಆದ್ಮೇಲೆ ಗೋಡೆ ಮೇಲಿನ ಕ್ಯಾಲೆಂಡರ್ ಇಳಿಸಿ ಅಮಾಸೆ ಯಾವತ್ತು ನೋಡ್ರಿ. ಹ್ಯಾವ್‌ಲಾಕ್‌ನಲ್ಲಿ ರಾತ್ರಿ ಕಾಂಡ್ಲಾ (ಮ್ಯಾಂಗ್ರೋವ್) ಕಾಡಿನ ನೀರಲ್ಲಿ ಕಯಾಕ್ ಮೇಲೆ ಕರ್ಕೊಂಡು ಹೋಗ್ತಾರೆ, ಹುಟ್ಟು ಹಾಕಿದ ಕಡೆಯೆಲ್ಲ ನೀರು ನೀಲಿಯಾಗಿ ಮಿಣುಕುತ್ತೆ, ನೀರಲ್ಲಿರೋ ಕಣ್ಣಿಗೆ ಕಾಣದ ಸಣ್ಣ ಜೀವಿಗಳು ಅಲುಗಾಡಿಸಿದ್ರೆ ಬೆಳಕು ಬಿಡ್ತವೆ. ಬೆಳದಿಂಗಳು ಇದ್ರೆ ಏನೂ ಕಾಣಲ್ಲ, ಕತ್ತಲು ಬೇಕು, ಅಂದ್ರೆ ಅಮಾಸೆ ಆಸುಪಾಸು. ಅತ್ತೆ "ಅಮಾಸೆ ದಿನ ಯಾರಾದ್ರೂ ಹೊರಡ್ತಾರೇನಮ್ಮ" ಅಂತ ತಡೆದ್ರು, ನಾವು ಅಮಾಸೆಗೆ ಮೂರು ದಿನ ಮುಂಚೆನೇ ಹೊರಟು ಬಿಟ್ವಿ, ಅಮಾಸೆ ದಿನ ಆಗ್ಲೇ ಅಲ್ಲೇ ಇದ್ವಿ, ಅವರ ಮಾತೂ ಉಳೀತು ನಮ್ಮ ಕೆಲಸನೂ ಆಯ್ತು.

ಇನ್ನೊಂದು ಕಾರಣ ನೀರಿನ ಇಳಿತ. ಹುಣ್ಣಿಮೆ ಅಮಾಸೆ ಹತ್ರ ಸಮುದ್ರ ಜಾಸ್ತಿ ಏರಿ ಜಾಸ್ತಿ ಇಳಿಯುತ್ತೆ. ನೀಲ್ ದ್ವೀಪದ ಕಲ್ಲಿನ ಕಮಾನು, ನ್ಯಾಚುರಲ್ ಬ್ರಿಡ್ಜ್ ಅಂತಾರಲ್ಲ, ಅದರ ಕೆಳಗೆ ಹೋಗೋಕೆ ನೀರು ಇಳಿದಿರ್ಬೇಕು, ಇಳಿದಾಗ ಬಂಡೆ ಗುಂಡಿಗಳಲ್ಲಿ ಸಣ್ಣ ಮೀನು, ಏಡಿ, ಸೀ ಕುಕುಂಬರ್ ಎಲ್ಲ ಸಿಕ್ಕಾಕೊಂಡಿರ್ತವೆ. ದಿನಕ್ಕೆ ಎರಡು ಸಲ ಏರುತ್ತೆ, ಎರಡು ಸಲ ಇಳಿಯುತ್ತೆ, ದಿನದಿಂದ ದಿನಕ್ಕೆ ಸುಮಾರು 50 ನಿಮಿಷ ತಡವಾಗ್ತಾ ಹೋಗುತ್ತೆ. ಟೈಡ್ ಟೈಮ್ ಫೋನಲ್ಲೇ ಸಿಗುತ್ತೆ, ಇಲ್ಲಾಂದ್ರೆ ರೂಮಿನೋರನ್ನ ಕೇಳಿದ್ರೆ ಬಾಯಲ್ಲೇ ಹೇಳ್ತಾರೆ.

ಮೂರನೇ ಕೆಲಸ, ದಿನಗಳನ್ನ ಹಿಂದಿನಿಂದ ಎಣಿಸೋದು

ಏಳು ದಿನ ಅಂದ್ರೆ ಕೈಗೆ ಸಿಗೋದು ಐದೇ. ಮೊದಲು ವಾಪಸ್ ಫ್ಲೈಟ್ ಬರ್ಕೊಳ್ರಿ, ಅದರ ಹಿಂದಿನ ರಾತ್ರಿ ಪೋರ್ಟ್ ಬ್ಲೇರ್‌ನಲ್ಲೇ ಇರ್ಬೇಕು, ಇದರಲ್ಲಿ ಚೌಕಾಶಿ ಬೇಡ. ಬೆಳಿಗ್ಗೆ ನೀಲ್‌ನಿಂದ ಫೆರ್ರಿ ಹತ್ತಿ ಮಧ್ಯಾಹ್ನ ಫ್ಲೈಟ್ ಹಿಡೀತೀನಿ ಅಂತ ಪ್ಲಾನ್ ಮಾಡೋರು ಇದಾರೆ, ಒಂದು ಗಾಳಿ ಬಂದು ಫೆರ್ರಿ ನಿಂತ್ರೆ ಎರಡು ಫ್ಲೈಟ್ ಟಿಕೆಟ್ ದುಡ್ಡು ನೀರಲ್ಲಿ ಹೋಮ. ನಾವು ಮಾಡಿದ ಲೆಕ್ಕ ಹಿಂಗೆ: ಮೊದಲ ರಾತ್ರಿ ಪೋರ್ಟ್ ಬ್ಲೇರ್, ಆಮೇಲೆ ಮೂರು ರಾತ್ರಿ ಹ್ಯಾವ್‌ಲಾಕ್, ಒಂದು ರಾತ್ರಿ ನೀಲ್, ಕೊನೆ ರಾತ್ರಿ ಮತ್ತೆ ಪೋರ್ಟ್ ಬ್ಲೇರ್.

ಬಾರಾಟಾಂಗ್ ದ್ವೀಪ ಬಿಟ್ಟಿದೀವಿ ನೋಡಿದ್ರಲ್ಲ, ಬೇಕಂತಲೇ ಬಿಟ್ಟಿದ್ದು. ಸುಣ್ಣದ ಕಲ್ಲಿನ ಗುಹೆ, ಮಣ್ಣಿನ ಜ್ವಾಲಾಮುಖಿ ನೋಡೋಕೆ ಬೆಳಗಿನ ಜಾವಕ್ಕೇ ಎದ್ದು ಜಿರ್ಕಾಟಾಂಗ್ ಚೆಕ್‌ಪೋಸ್ಟಲ್ಲಿ ಸಾಲು ನಿಂತು ಜಾರವಾ ಆದಿವಾಸಿಗಳ ಕಾಡಿನ ನಡುವೆ ಕಾನ್ವಾಯ್‌ನಲ್ಲಿ ಹೋಗ್ಬೇಕು. ದಾರೀಲಿ ಗಾಡಿ ನಿಲ್ಸಂಗಿಲ್ಲ, ಫೋಟೋ ತೆಗೆಯಂಗಿಲ್ಲ, 1956ರಿಂದಲೇ ಅವರ ರಕ್ಷಣೆಗೆ ಕಾನೂನು ಐತೆ. ಗುಹೆ ಚೆನ್ನಾಗಿದೆ ಅಂತಾರೆ, ಆದ್ರೆ ಬಸ್ಸಲ್ಲಿ ಕೂತೋರೆಲ್ಲ ಕಿಟಕಿಗೆ ಮುಖ ಅಂಟಿಸಿ ಮನುಷ್ಯರನ್ನ ಹುಡುಕೋದು ನನಗೆ ಸರಿ ಅನಿಸಲಿಲ್ಲ, ಆ ದಿನವನ್ನ ಹ್ಯಾವ್‌ಲಾಕಿಗೆ ಸೇರಿಸಿದ್ವಿ.

ನಾಲ್ಕನೇದು, ಟಿಕೆಟ್‌ಗಳ ಸರದಿ

ಮೊದ್ಲು ಫ್ಲೈಟ್, ಎರಡು ಮೂರು ತಿಂಗಳು ಮುಂಚೆ. ಅದೇ ವಾರದಲ್ಲಿ ಫೆರ್ರಿ. ಆಮೇಲೆ ರೂಮು. ಎಲ್ರೂ ರೂಮು ಮೊದ್ಲು ಮಾಡಿ ಫೆರ್ರಿ ಕೊನೆಗಿಟ್ಕೋತಾರೆ, ಆಗ ಬೆಳಗಿನ ಸೀಟೆಲ್ಲ ಖಾಲಿಯಾಗಿ ನಮ್ಮ ಏಜೆಂಟ್ ಕೊಟ್ಟಂಗೆ 2 ಗಂಟೆದು ಉಳಿಯುತ್ತೆ. ಸೀಸನ್‌ನಲ್ಲಿ ಸರ್ಕಾರಿ ಫೆರ್ರಿ ಟಿಕೆಟ್ ಸಿಗೋದು ಕಷ್ಟ, ಎರಡೂವರೆ ಗಂಟೆ ತಗೊಳುತ್ತೆ, ಅಗ್ಗ. ಪ್ರೈವೇಟ್ ಅಂದ್ರೆ ಮ್ಯಾಕ್ರೂಜ್, ನಾಟಿಕಾ, ಗ್ರೀನ್ ಓಷನ್, ಒಂದೂವರೆಯಿಂದ ಎರಡು ಗಂಟೆ ಸುಮಾರು, ಒಬ್ಬರಿಗೆ ಒಂದ್ಸಲಕ್ಕೆ ಸಾವಿರದ ಮೇಲೇ ಆಗುತ್ತೆ. ಎರಡೂ ಒಂದೇ ಜೆಟ್ಟಿಯಿಂದ (ಹಡಗು ಹತ್ತೋ ಕಟ್ಟೆ) ಹೊರಡಲ್ಲ, ಸರ್ಕಾರಿದು ಫೀನಿಕ್ಸ್ ಬೇ, ಪ್ರೈವೇಟ್ ಹಡ್ಡೋ, ಟಿಕೆಟಲ್ಲಿ ನೋಡ್ಕೊಂಡು ಒಂದು ಗಂಟೆ ಮುಂಚೆ ಹೋಗ್ರಿ.

ಹೆಸರಿನ ಗೊಂದಲ ಒಂದೈತೆ. 2018ರ ಡಿಸೆಂಬರ್‌ನಲ್ಲಿ ಹ್ಯಾವ್‌ಲಾಕ್ ಸ್ವರಾಜ್ ದ್ವೀಪ ಆಯ್ತು, ನೀಲ್ ಶಹೀದ್ ದ್ವೀಪ ಆಯ್ತು, 2024ರಲ್ಲಿ ಪೋರ್ಟ್ ಬ್ಲೇರ್ ಶ್ರೀ ವಿಜಯ ಪುರಂ ಆಯ್ತು. ಟಿಕೆಟಲ್ಲಿ ಯಾವ ಹೆಸರು ಬೇಕಾದ್ರೂ ಇರಬಹುದು, ಗಾಬರಿ ಬೀಳ್ಬೇಡ್ರಿ.

ಅದಕ್ಕಿಂತ ದೊಡ್ಡ ಗೊಂದಲ ನಮ್ಮ ಹೆಸರುಗಳದ್ದೇ. ಊರು, ಅಪ್ಪ, ಅಜ್ಜ ಎಲ್ಲ ಸೇರಿ ಮೂರು ಇನಿಶಿಯಲ್ಲು, ಆಧಾರಲ್ಲಿ ಒಂಥರ, ಪಾನ್‌ಲ್ಲಿ ಒಂಥರ, ಮದುವೆಯಾದ ಮೇಲೆ ಕೆಲವರದ್ದು ಗಂಡನ ಹೆಸರು ಸೇರಿ ಇನ್ನೊಂಥರ. ಫ್ಲೈಟಿಗೂ ಫೆರ್ರಿಗೂ ಆಧಾರಲ್ಲಿ ಹೆಂಗಿದೆಯೋ ಹಂಗೇ ಟೈಪ್ ಮಾಡ್ರಿ, ಒರಿಜಿನಲ್ ಕಾರ್ಡ್ ಕೈಲಿರ್ಲಿ.

ದಾವಣಗೆರೆಯಿಂದ ಏರ್‌ಪೋರ್ಟ್

ಹುಬ್ಬಳ್ಳಿ, ಶಿವಮೊಗ್ಗ ಏರ್‌ಪೋರ್ಟ್ ಹತ್ರ ಇದ್ರೂ ಅಲ್ಲಿಂದ ನೇರ ಅಂಡಮಾನಿಗಿಲ್ಲ, ಬೆಂಗಳೂರೇ ಗತಿ. ರೈಲಾದ್ರೆ ವಂದೇ ಭಾರತ್, ಜನಶತಾಬ್ದಿ ಎರಡೂ ದಾವಣಗೆರೆಲಿ ನಿಲ್ತವೆ, ಬೆಂಗಳೂರಲ್ಲಿಳಿದು ಮೆಜೆಸ್ಟಿಕ್‌ನಿಂದ ವಾಯು ವಜ್ರ ಬಸ್ಸು. ಕಾರಲ್ಲಿ ಹೋಗೋರು ಚಿತ್ರದುರ್ಗ, ಹಿರಿಯೂರು, ಸಿರಾ, ತುಮಕೂರು ದಾಟಿ ದಾಬಸ್‌ಪೇಟೆಲಿ ಎಡಕ್ಕೆ ತಿರುಗಿ ದೊಡ್ಡಬಳ್ಳಾಪುರ ಮೇಲೆ ದೇವನಹಳ್ಳಿಗೆ ಹೋಗ್ರಿ, ಬೆಂಗಳೂರು ಟ್ರಾಫಿಕ್ ಮುಟ್ಟೋದೇ ಬೇಡ. ಐದು ಗಂಟೆ ಇಟ್ಕೊಳ್ರಿ, ಬೆಳಿಗ್ಗೆ ಫ್ಲೈಟ್ ಇದ್ರೆ ಹಿಂದಿನ ರಾತ್ರಿ ಊಟ ಮಾಡಿ ಹೊರಡೋದೇ.

ಅಲ್ಲಿ ಹೋದ ಮೇಲೆ

ಮೊದಲ ದಿನ ಮಧ್ಯಾಹ್ನ ಸೆಲ್ಯುಲರ್ ಜೈಲ್. 1896ರಿಂದ 1906ರ ತನಕ ಕಟ್ಟಿದ್ದು, ಏಳು ರೆಕ್ಕೆ ಇದ್ದಿದ್ದು ಈಗ ಮೂರು ಉಳಿದಿವೆ. ಅಲ್ಲಿ ಗಾಣ ಐತೆ ನೋಡ್ರಿ, ಎತ್ತಿನ ಬದಲು ಕೈದಿಗಳ ಕೈಲಿ ತಿರುಗಿಸಿ ಕೊಬ್ಬರಿ ಎಣ್ಣೆ ತೆಗೆಸ್ತಿದ್ರು. ನಮ್ಮ ಮನೆಯವ್ರು ಆಚೆ ಬಂದು ಅರ್ಧ ಗಂಟೆ ಮಾತಾಡ್ಲಿಲ್ಲ. ಸಂಜೆ ಲೈಟ್ ಅಂಡ್ ಸೌಂಡ್ ಶೋಗೆ ಮೊದ್ಲೇ ಟಿಕೆಟ್ ಮಾಡ್ಕೊಳ್ರಿ. ರಾತ್ರಿ ಬೇಗ ಮಲಗ್ರಿ, ಯಾಕಂದ್ರೆ ನಾಳೆ ಮೊದಲ ಫೆರ್ರಿ.

ಫೆರ್ರಿಲಿ ಹೊಟ್ಟೆ ತೊಳಸೋದು ಬಸ್ಸಿನ ವಾಂತಿಗಿಂತ ಕೆಟ್ಟದು. ಡಾಕ್ಟರ್ ಕೇಳಿ ವಾಂತಿ ಮಾತ್ರೆ ಹತ್ತೋ ಮುಂಚೆನೇ ತಗೊಳ್ರಿ, ಶುರುವಾದ ಮೇಲೆ ತಗೊಂಡು ಉಪಯೋಗಿಲ್ಲ. ಎರಡು ಇಡ್ಲಿ ತಿನ್ರಿ, ಖಾಲಿ ಹೊಟ್ಟೆನೂ ಬೇಡ, ಎಣ್ಣೆ ತಿಂಡಿನೂ ಬೇಡ, ನಡುವಿನ ಸೀಟು ಹಿಡೀರಿ, ಫೋನ್ ನೋಡ್ಬೇಡ್ರಿ.

ಹ್ಯಾವ್‌ಲಾಕ್‌ನಲ್ಲಿ ಬೆಳಿಗ್ಗೆ 9ಕ್ಕೆ ಇಳಿದ್ರೆ ಇಡೀ ದಿನ ನಿಮ್ಮದು. ಸ್ಕೂಟಿ ಬಾಡಿಗೆಗೆ ಸಿಗುತ್ತೆ, ಒರಿಜಿನಲ್ ಲೈಸೆನ್ಸ್ ತಗೊಂಡು ಹೋಗಿರಿ. ರಾಧಾನಗರ ಜೆಟ್ಟಿಯಿಂದ ಸುಮಾರು 12 ಕಿಲೋಮೀಟರ್, ದಾರಿಯುದ್ದಕ್ಕೂ ಅಡಿಕೆ ತೋಟ, ತೆಂಗು, ಬಾಳೆ, ನಡುವೆ ಒಂದ್ಕಡೆ ಗಾಡಿ ನಿಲ್ಲಿಸಿ ನಮ್ಮ ಮನೆಯವ್ರು ಗೊನೆ ನೋಡೋಕೆ ಇಳಿದೇ ಬಿಟ್ರು, ಹನಿಮೂನಿಗೆ ಬಂದೀವೋ ತೋಟ ನೋಡೋಕೆ ಬಂದೀವೋ ಅಂತ ಬೈದೆ. ಊರಿನ ಹೆಸರುಗಳೂ ನಮ್ಮವೇ ಅನ್ಸುತ್ತೆ, ಹ್ಯಾವ್‌ಲಾಕಲ್ಲಿ ಗೋವಿಂದನಗರ, ಕೃಷ್ಣನಗರ, ರಾಧಾನಗರ, ನೀಲ್‌ನಲ್ಲಿ ಸೀತಾಪುರ, ಭರತಪುರ, ಲಕ್ಷ್ಮಣಪುರ. ದೇಶ ಭಾಗ ಆದ್ಮೇಲೆ ಪೂರ್ವ ಬಂಗಾಳದಿಂದ ಬಂದ ಕುಟುಂಬಗಳನ್ನ ಇಲ್ಲಿ ನೆಲೆ ನಿಲ್ಲಿಸಿದ್ರು, ಅವರ ಮಕ್ಕಳು ಮೊಮ್ಮಕ್ಕಳೇ ಈಗ ಹೋಟೆಲ್ಲು, ಅಂಗಡಿ, ತೋಟ ನಡೆಸ್ತಿರೋದು.

ರಾಧಾನಗರ ಪಶ್ಚಿಮಕ್ಕಿರೋ ಬೀಚು, ಸೂರ್ಯಾಸ್ತಕ್ಕೆ. 3 ಗಂಟೆಗೆ ಅಲ್ಲಿರ್ಬೇಕು, 4 ಅಲ್ಲ. ಕಾಲಾಪತ್ಥರ್ ಪೂರ್ವಕ್ಕೆ, ಅಲ್ಲಿ ಬೆಳಿಗ್ಗೆ ಐದಕ್ಕೆ ಹೋಗ್ರಿ, ಊರಲ್ಲಿ ಒಂದಿನನೂ ಐದಕ್ಕೆ ಎದ್ದಿರದ ಗಂಡಸರೂ ಇಲ್ಲಿ ಏಳ್ತಾರೆ. ಮೊಸಳೆ ಬೋರ್ಡ್ ಹಾಕಿರೋ ಕಡೆ ನೀರಿಗಿಳೀಬೇಡ್ರಿ, ಅದು ತಮಾಷೆಗೆ ಹಾಕಿದ್ದಲ್ಲ, ಉಪ್ಪುನೀರಿನ ಮೊಸಳೆ ನಿಜವಾಗ್ಲೂ ಇದಾವೆ.

ಹ್ಯಾವ್‌ಲಾಕ್‌ನ ಎರಡನೇ ದಿನ ಎಲಿಫೆಂಟ್ ಬೀಚ್, ಬೋಟಲ್ಲಿ ಹೋಗಿ ಸ್ನಾರ್ಕೆಲಿಂಗ್ (ಕೊಳವೆಲಿ ಉಸಿರಾಡ್ತಾ ಮುಖ ನೀರಲ್ಲಿಟ್ಟು ತೇಲೋದು). ದಡದಲ್ಲಿ ಬುಡಸಮೇತ ಬಿದ್ದ ಬಿಳಿ ಮರಗಳು ಕಾಣ್ತವೆ, 2004ರ ಸುನಾಮಿ ಬಿಟ್ಟು ಹೋದ ಗುರುತು. ಹವಳದ ಮೇಲೆ ಕಾಲಿಡಬೇಡ್ರಿ, ಕಲ್ಲಿನ ಥರ ಕಂಡ್ರೂ ಅದು ಜೀವ.

ಸ್ಕೂಬಾ (ಬೆನ್ನಿಗೆ ಸಿಲಿಂಡರ್ ಕಟ್ಕೊಂಡು ನೀರೊಳಗೆ ಇಳಿಯೋದು) ಮಾಡೋದಿದ್ರೆ ಪ್ರವಾಸದ ಮೂರನೇ ನಾಲ್ಕನೇ ದಿನನೇ ಮಾಡಿ ಮುಗಿಸ್ರಿ. ಡೈವ್ ಆದ್ಮೇಲೆ ಕನಿಷ್ಠ 18 ಗಂಟೆ ವಿಮಾನ ಹತ್ತಬಾರದು. ನೀರಿನ ಆಳದಲ್ಲಿ ಒತ್ತಡಕ್ಕೆ ನೈಟ್ರೋಜನ್ ಮೈಯಲ್ಲಿ ಕರಗಿರುತ್ತೆ, ಮೇಲೆ ಹೋದ್ರೆ ಗೋಲಿ ಸೋಡಾ ಒತ್ತಿದಂಗೆ ಗುಳ್ಳೆ ಏಳುತ್ತೆ. ಹೊಸಬರಿಗೆ ಮಾಡಿಸೋ ಟ್ರೈ ಡೈವಿಗೆ ಈಜು ಬರಬೇಕಂತಿಲ್ಲ, 12 ಮೀಟರ್ ದಾಟಿ ಇಳಿಸಲ್ಲ, ಒಬ್ಬರಿಗೆ ಒಬ್ಬ ಇನ್‌ಸ್ಟ್ರಕ್ಟರ್ ಇರೋ ಕಡೆನೇ ಮಾಡ್ರಿ. ಆಸ್ತಮಾ, ಬಿಪಿ, ಹಾರ್ಟು ತೊಂದರೆ ಇದ್ರೆ ಫಾರ್ಮಲ್ಲಿ ಮುಚ್ಚಿಡಬೇಡ್ರಿ, ಊರಲ್ಲೇ ಡಾಕ್ಟರ್ ಹತ್ರ ಹೋಗಿ ಕೇಳ್ಕೊಂಡು ಬರ್ರಿ.

ಇಲ್ಲಿ ಒಂದು ಮಾತು, ಭದ್ರಾ ಚಾನಲ್ಲಲ್ಲಿ ಈಜು ಕಲಿತ ನಮ್ಮ ಕಡೆ ಗಂಡಸರಿಗೆ. ನನಗೆ ಈಜು ಬರಲ್ಲ, ಹೇಳಿದಂಗೆ ಬಾಯಲ್ಲಿ ಉಸಿರಾಡಿ ಇಪ್ಪತ್ತು ನಿಮಿಷ ಮೀನು ನೋಡ್ಕೊಂಡು ಬಂದೆ. ಚಾನಲ್ಲಲ್ಲಿ ಸೇತುವೆ ಮೇಲಿಂದ ಡೈವ್ ಹೊಡೆದಿದೀನಿ ಅಂತ ದಾರಿಯೆಲ್ಲ ಕೊಚ್ಚಿಕೊಂಡ ನಮ್ಮ ಮನೆಯವ್ರು ನೀರೊಳಗೆ ಅಭ್ಯಾಸಬಲದಲ್ಲಿ ಮೂಗಲ್ಲಿ ಉಸಿರೆಳೆಯೋಕೆ ಹೋಗಿ, ಮಾಸ್ಕು ಮೂಗಿಗಂಟಿ, ಗಾಬರಿಯಾಗಿ ಎರಡೇ ನಿಮಿಷಕ್ಕೆ ಮೇಲೆ ಬಂದ್ರು. ಅರ್ಧ ಗಂಟೆ ಬಿಟ್ಟು ಎರಡನೇ ಸಲ ಸರಿಯಾಗಿ ಹೋದ್ರು, ಅದನ್ನೂ ಹೇಳಿಬಿಡ್ತೀನಿ ಇಲ್ಲಾಂದ್ರೆ ಮನೇಲಿ ಜಗಳ. ಬರೀ ಈಜೋದಾದ್ರೂ ಸಮುದ್ರ ಚಾನಲ್ಲಲ್ಲ, ಕೆಳಗಿನ ಸೆಳೆತ ಒಳಕ್ಕೆ ಎಳೆಯುತ್ತೆ, ಲೈಫ್‌ಗಾರ್ಡ್ ಇರೋ ಜಾಗದಲ್ಲೇ ಇಳೀರಿ.

ಇಬ್ಬರಲ್ಲಿ ಒಬ್ಬರಿಗೆ ನೀರೇ ಬೇಡ ಅಂದ್ರೆ ಜಬರ್‌ದಸ್ತಿ ಮಾಡ್ಬೇಡ್ರಿ, ನೀಲ್‌ನ ಭರತಪುರದಲ್ಲಿ ಗಾಜಿನ ತಳದ ಬೋಟಿದೆ, ಸೀರೆ ಉಟ್ಕೊಂಡೇ ಹವಳ ನೋಡಬಹುದು. ನೀಲ್ ಚಿಕ್ಕ ದ್ವೀಪ, ತರಕಾರಿ ಬೆಳೆಯೋ ಹಳ್ಳಿ, ಒಂದು ಸಂಜೆ ಲಕ್ಷ್ಮಣಪುರ, ಒಂದು ಬೆಳಿಗ್ಗೆ ಸೀತಾಪುರ, ನೀರು ಇಳಿಯೋ ಟೈಮ್ ನೋಡ್ಕೊಂಡು ಕಮಾನು, ಅಷ್ಟೇ. ಕಮಾನಿನ ಹತ್ರ ಚಪ್ಪಲಿ ಜಾರುತ್ತೆ, ಹಿಡಿತ ಇರೋ ಶೂ ಹಾಕ್ರಿ.

ಆರನೇ ದಿನ ಪೋರ್ಟ್ ಬ್ಲೇರಿಗೆ ವಾಪಸ್ಸು, ಟೈಮ್ ಸಿಕ್ರೆ ಬೋಟಲ್ಲಿ ರಾಸ್ ದ್ವೀಪ, ಬೇರುಗಳು ನುಂಗಿದ ಬ್ರಿಟಿಷ್ ಕಟ್ಟಡಗಳ ನಡುವೆ ಜಿಂಕೆ ಓಡಾಡ್ತಿರ್ತವೆ. ಫೆರ್ರಿ ತಡವಾದ್ರೆ ಬಿಡ್ರಿ, ಈ ದಿನ ಇಟ್ಟಿದ್ದೇ ತಡಕ್ಕೆ.

ಬ್ಯಾಗು

ಫ್ಲೈಟಲ್ಲಿ ಸಾಮಾನ್ಯವಾಗಿ ಒಬ್ಬರಿಗೆ 15 ಕೆಜಿ, ಕೈಲಿ 7. ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ, ಗುರೆಳ್ಳು ಪುಡಿ ತಗೊಂಡು ಹೋಗ್ರಿ, ಊಟಕ್ಕೆ ತೊಂದರೆ ಇಲ್ಲ, ಪೋರ್ಟ್ ಬ್ಲೇರಲ್ಲಿ ತಮಿಳ್ರು ತೆಲುಗ್ರು ಬೇಕಾದಷ್ಟು ಇದಾರೆ, ಇಡ್ಲಿ ದೋಸೆ ಸಿಗುತ್ತೆ (ಬೆಣ್ಣೆ ದೋಸೆ ಅಂತ ಆಸೆ ಇಟ್ಕೋಬೇಡ್ರಿ), ಆದ್ರೆ ಪ್ಯೂರ್ ವೆಜ್‌ನೋರಿಗೆ ದ್ವೀಪಗಳಲ್ಲಿ ಆಯ್ಕೆ ಕಮ್ಮಿ. ಮಂಡಕ್ಕಿ ಮಾತ್ರ ಬೇಡ, ಸಮುದ್ರದ ಗಾಳಿಗೆ ಒಂದೇ ದಿನಕ್ಕೆ ಮೆತ್ತಗಾಗಿ ಹತ್ತಿ ತಿಂದಂಗಾಗುತ್ತೆ. ಒಣ ಕೊಬ್ಬರಿ ಬ್ಯಾಗಲ್ಲಿ ಇಟ್ರೆ ಏರ್‌ಪೋರ್ಟಲ್ಲಿ ತೆಗೆಸ್ತಾರೆ, ಎಣ್ಣೆ ಅಂಶ ಇದೆ, ಬೆಂಕಿ ಹತ್ತುತ್ತೆ ಅಂತ. ಉಪ್ಪಿನಕಾಯಿ ಚೆಕ್ ಇನ್ ಬ್ಯಾಗಲ್ಲಿ, ಮೂರು ಕವರ್ ಸುತ್ತಿ. ಸಂಜೆ ಬೀಚಲ್ಲಿ ಕಣ್ಣಿಗೆ ಕಾಣದ ಮರಳು ನೊಣ ಕಚ್ಚುತ್ತೆ, ಎರಡು ದಿನ ತುರಿಕೆ, ಹಚ್ಚೋಕೆ ಏನಾದ್ರೂ ಇರ್ಲಿ. ತುಂಬುತೋಳಿನ ಈಜು ಬಟ್ಟೆ ತಗೊಳ್ರಿ, ಸನ್‌ಸ್ಕ್ರೀನೂ ಉಳಿಯುತ್ತೆ, ಹವಳಕ್ಕೂ ಒಳ್ಳೇದು. ಕ್ಯಾಶ್ ಇಟ್ಕೊಳ್ರಿ. 2020ರಲ್ಲಿ ಚೆನ್ನೈನಿಂದ ಸಮುದ್ರದಡಿ ಕೇಬಲ್ ಬಂದ್ಮೇಲೆ ನೆಟ್ ಸುಧಾರಿಸಿದೆ, ಆದ್ರೂ ಹ್ಯಾವ್‌ಲಾಕ್ ನೀಲ್‌ನಲ್ಲಿ ಫೋನ್ ಪೇ ಅರ್ಧ ದಾರೀಲಿ ಸುತ್ತುತ್ತಾ ನಿಲ್ಲುತ್ತೆ.

ಬರುವಾಗ ಬೀಚಿಂದ ಹವಳ, ಶಂಖ ಆರಿಸ್ಕೊಂಡು ಬರಬೇಡ್ರಿ, 1972ರ ವನ್ಯಜೀವಿ ಕಾಯ್ದೆ ಬರುತ್ತೆ, ಏರ್‌ಪೋರ್ಟ್ ಸ್ಕ್ಯಾನಿಂಗಲ್ಲಿ ಸಿಕ್ಕಿಬೀಳ್ತೀರಿ. ನಮ್ಮ ಮುಂದೆನೇ ಒಬ್ಬರು ಮಗುಗೆ ಅಂತ ತಂದಿದ್ದನ್ನ ಟ್ರೇಗೆ ಸುರಿದು ಸಪ್ಪೆ ಮುಖ ಮಾಡಿ ಹೋದ್ರು.

ದುಡ್ಡು

ಎರಡನೇ ಸಲ ಇಬ್ಬರಿಗೂ ಸೇರಿ ಒಂದು ಲಕ್ಷಕ್ಕೆ ಸ್ವಲ್ಪ ಕಮ್ಮಿ ಆಯ್ತು. ಅದರಲ್ಲಿ ಹತ್ತತ್ರ ಅರ್ಧ ಫ್ಲೈಟೇ ತಿಂತು, ಆಮೇಲೆ ರೂಮು, ಆಮೇಲೆ ಫೆರ್ರಿ, ಸ್ಕೂಬಾ. ಉಳಿಸಬೇಕಂದ್ರೆ ಹನಿಮೂನ್ ಪ್ಯಾಕೇಜಿನ ಹಾಸಿಗೆ ಮೇಲಿನ ಹೂವಿನ ಹಂಸ, ಕ್ಯಾಂಡಲ್ ಊಟ ಇವನ್ನ ಬೇಡ ಅನ್ರಿ, ಮೊದಲ ಸಲ ಆ ಹೂವು ಗುಡಿಸೋದ್ರಲ್ಲೇ ಅರ್ಧ ರಾತ್ರಿ ಆಗಿತ್ತು. ಫೆರ್ರಿಲಿ ಮತ್ತು ಡೈವ್ ಸೆಂಟರಲ್ಲಿ ಮಾತ್ರ ಜಿಪುಣತನ ಬೇಡ.

ಊರಿಗೆ ಬಂದ ಮೇಲೆ ಮಾವನಿಗೆ ಫೋನಲ್ಲಿದ್ದ ಫೋಟೋನೆಲ್ಲ ತೋರಿಸಿದ್ವಿ, ಸಮುದ್ರ, ಜೈಲು, ನೀರೊಳಗಿನ ಮೀನು, ಎಲ್ಲ ಸುಮ್ನೆ ಮುಂದೆ ತಳ್ಕೊಂಡು ಹೋದ್ರು. ರಾಧಾನಗರ ದಾರಿಯ ಅಡಿಕೆ ತೋಟ ಬಂದಾಗ ಬೆರಳು ನಿಲ್ಲಿಸಿ, ಕನ್ನಡಕ ಹಾಕ್ಕೊಂಡು, ಫೋಟೋ ದೊಡ್ಡದು ಮಾಡಿ ಗೊನೆ ನೋಡಿ ಕೇಳಿದ್ದು ಒಂದೇ: "ಅಲ್ಲಿ ಕ್ವಿಂಟಾಲಿಗೆ ಎಷ್ಟಂತೆ?"